ಸರಿಪಾಲಿನ ತೋಟ

ಅಂಗಳದ ತಂತಿ ಬಿಚ್ಚಿದ ದಿನ ದೊಡ್ಡವಳು ತನ್ನ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡಳು. ಕುಕ್ಕರಿನ ಮುಚ್ಚಳ ಸಿಂಕಿಗೆ ಬಿತ್ತು. ಸೌಟು ಒಲೆಕಟ್ಟೆಯ ಮೇಲೆ ಧಡ್ಡೆಂದಿತು. ತಟ್ಟೆಗಳಂತೂ ಒಂದರ ಮೇಲೊಂದು ಬಿದ್ದು ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದವು.

"ಅಮ್ಮ, ಆ ಪಾತ್ರೆಗಳು ನಿಂಗೇನು ಮಾಡಿದ್ವು?" ಎಂದು ಕೇಳಿದಳು ಊಟದ ಮೇಜಿನ ತುದಿಯಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದ ಮಗಳು.

"ನೀನು ಸುಮ್ನೆ ಓದ್ಕೋ."

"ಈ ಗದ್ದಲದಲ್ಲಿ ಏನು ಓದ್ಲಿ?"

"ಹಾಗಾದ್ರೆ ಹೋಗು, ತಾತನ ತೋಟದಲ್ಲಿ ಕೂತ್ಕೊಂಡು ಓದು. ರಾಜಕುಮಾರಿ ಹಾಗೆ."

ತೋಟವಿನ್ನೂ ಹುಟ್ಟಿರಲಿಲ್ಲ. ಅಂಗಳದಲ್ಲಿ ನಾಲ್ಕು ಗೂಟ, ಒಂದಿಷ್ಟು ದಾರ, ಮೊಣಕಾಲೂರಿ ಕೂತ ಮಾವ ಇಷ್ಟೇ ಇದ್ದದ್ದು. ಮಾವನಿಗೆ ಎಲ್ಲವೂ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ದಾರ ಎಳೆದು ಇನ್ನೊಂದು ಗಂಟು ಹಾಕಿದರು.

ಆ ತಂತಿ ಮನೆಯವರ ಲಂಗ, ಅಂಗಿ ಒಣಹಾಕುವ ತಂತಿಯಾಗಿರಲಿಲ್ಲ. ದೊಡ್ಡವಳು ಹೋಟೆಲುಗಳ ಮೇಜುಬಟ್ಟೆ, ಕೈವಸ್ತ್ರಗಳನ್ನು ಮನೆಯಲ್ಲೇ ಒಗೆದು, ಇಸ್ತ್ರಿ ಮಾಡಿ ಕಳಿಸುತ್ತಿದ್ದಳು. ಅತ್ತೆ ಶುರುಮಾಡಿದ್ದ ಕೆಲಸ; ಅತ್ತೆ ಹೋದ ಮೇಲೆ ತೊಟ್ಟಿಗಳ ಜೊತೆ ಅದೂ ಇವಳ ಪಾಲಿಗೆ ಬಂತು. ಎಣ್ಣೆಯ ಕಲೆ, ಕಾಫಿಯ ಕಲೆ, ಯಾವ ಮಹಾರಾಯನೋ ಊಟದ ನಡುವೆ ಸಹಿ ಹಾಕಲು ಹೋಗಿ ಚೆಲ್ಲಿದ ಮಸಿಯ ಕಲೆ, ಎಲ್ಲಕ್ಕೂ ಮದ್ದು ಒಂದೇ: ಕುದಿಯುವ ನೀರಿಗೆ ಬಟ್ಟೆ ಸೋಡಾ ಹಾಕಿ ನೆನೆಸುವುದು. ಆಮೇಲೆ ತಿಕ್ಕು, ಜಾಲಾಡು, ಗಂಜಿ ಹಾಕು, ಒಣಗಿಸು. ಒಣಗಿಸಲು ಬಿಸಿಲು ಬೀಳುತ್ತಿದ್ದದ್ದು ಮುಂದಿನ ಅಂಗಳದಲ್ಲಿ. ಈಗ ತಂತಿ ಮಹಡಿಗೆ ಹೋಯಿತು. ನೀರು ಕುಡಿದ ದೊಡ್ಡ ಮೇಜುಬಟ್ಟೆಯನ್ನು ಬಕೆಟ್ಟಿನಲ್ಲಿಟ್ಟು ಕಡಿದಾದ ಮೆಟ್ಟಿಲು ಹತ್ತಿಸುವುದೆಂದರೆ ಏನೆಂದು ಹತ್ತಿದವರಿಗೇ ಗೊತ್ತು.

ಇಷ್ಟಕ್ಕೆಲ್ಲ ಕಾರಣ ಚಿಕ್ಕವಳು. ಹಾಗೆಂದು ದೊಡ್ಡವಳ ಲೆಕ್ಕ.

ಚಿಕ್ಕವಳು, ಅಂದರೆ ಅವಳ ಓರಗಿತ್ತಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಎರಡನೆಯ ಸಲವೂ ಬಸಿರು ನಿಲ್ಲದೆ ಹೋದ ಮೇಲೆ ಅಂಗಡಿಗೆ ಹೋಗುವುದನ್ನು ಬಿಟ್ಟು, ತನ್ನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ತಂದಿಟ್ಟ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಗಂಡ ಕರೆದರೂ ಹೂಂ ಇಲ್ಲ, ಉಹುಂ ಇಲ್ಲ. ಒಂದು ದಿನ ಮಾವ ಚಹಾ ತೆಗೆದುಕೊಂಡು ಹೋದಾಗ ಅವಳು ಮೊಬೈಲಿನಲ್ಲಿ ಒಂದು ತೋಟದ ಚಿತ್ರ ನೋಡುತ್ತಿದ್ದಳು. ಫ್ರೆಂಚ್ ಮಾದರಿಯ ತೋಟ. ಗೇಟಿನಿಂದ ಬಾಗಿಲವರೆಗೆ ನೇರ ದಾರಿ, ದಾರಿಯ ಆಚೆಗೂ ಈಚೆಗೂ ಒಂದೇ ಅಳತೆಯ ಪಾತಿ, ಪಾತಿಯ ಸುತ್ತ ಕತ್ತರಿಸಿ ಒಪ್ಪ ಮಾಡಿದ ಗಿಡ್ಡ ಬೇಲಿ. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ.

"ನೋಡಿ ಮಾವ, ಎಷ್ಟು ಸಮಾಧಾನವಾಗಿದೆ," ಎಂದಳಂತೆ.

ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮಾತು ಅದು. ಮಾವನಿಗೆ ಅಷ್ಟೇ ಸಾಕಾಯಿತು. ಜೀವಮಾನವೆಲ್ಲ ರಸ್ತೆ, ಮೋರಿ, ಸೇತುವೆಗಳ ನಕ್ಷೆ ಬರೆದು ನಿವೃತ್ತರಾದವರು. ಅಟ್ಟದಿಂದ ಹಲಗೆ ಇಳಿಸಿ, ಧೂಳು ಕೊಡವಿ, ಪೆನ್ಸಿಲ್ ಚೂಪು ಮಾಡಿದರು.

ನಕ್ಷೆ ಊಟದ ಮೇಜಿಗೆ ಬಂದದ್ದು ಒಂದು ರಾತ್ರಿಯೂಟಕ್ಕೆ. ತಟ್ಟೆಗಳನ್ನು ಸರಿಸಿ ಮಾವ ಅದನ್ನು ಹರಡಿದರು.

"ಬಲಗಡೆ ಪಾಲು ಚಿಕ್ಕವಳಿಗೆ. ಅವಳ ಕಿಟಕಿಯಿಂದ ಕಾಣುತ್ತೆ. ಎಡಗಡೆದು ದೊಡ್ಡವಳಿಗೆ. ಕೂದಲೆಳೆ ಹೆಚ್ಚುಕಮ್ಮಿ ಇಲ್ಲ, ಸರಿಪಾಲು."

"ನನ್ನ ತಂತಿ?" ಎಂದಳು ದೊಡ್ಡವಳು.

"ಈ ತರದ ತೋಟದಲ್ಲಿ ತಂತಿ ಬರೋದಿಲ್ಲಮ್ಮ."

"ಮಾವ, ಒಂದು ಮೂಲೆಗೆ ಹಾಕಬಹುದಲ್ವಾ? ಅಕ್ಕನಿಗೆ ಕಷ್ಟ ಆಗುತ್ತೆ," ಎಂದಳು ಚಿಕ್ಕವಳು ಮೆಲ್ಲಗೆ.

ಮಾವ ಗಂಭೀರವಾಗಿ ನಕ್ಷೆ ನೋಡಿದರು. "ಒಂದು ಮೂಲೆಗೆ ಹಾಕಿದ್ರೆ ಇನ್ನೊಂದು ಮೂಲೆಗೂ ಹಾಕ್ಬೇಕಾಗುತ್ತೆ."

ಮಗಳು ಕಿಸಕ್ಕನೆ ನಕ್ಕಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ದೊಡ್ಡವಳ ಗಂಡ ತಟ್ಟೆಯಿಂದ ತಲೆಯೆತ್ತದೆ, "ಮಹಡಿ ಮೇಲೆ ಬಿಸಿಲು ಇಲ್ವಾ? ಅಲ್ಲಿ ಹಾಕು," ಎಂದ.

"ಹತ್ತಿಸೋರು ಯಾರು? ನೀವಾ?"

"ಊಟ ಮಾಡೋಕೆ ಬಿಡ್ತೀಯಾ?"

ಮಾವ ಗಂಟಲು ಸರಿಮಾಡಿಕೊಂಡರು. "ಇನ್ನೊಂದು ವಿಷಯ. ಚಿತ್ರ ನೋಡಿ ಕಾಪಿ ಹೊಡೆದ ಹಾಗಿರಬಾರದು. ಇದು ನಮ್ಮ ಮನೆ ತೋಟ ಅಂತ ಗೊತ್ತಾಗ್ಬೇಕು. ಅದಕ್ಕೆ ಎರಡೂ ಪಾಲಿನ ನಡುವೆ ಒಂದೊಂದು ದುಂಡು ಪಾತಿ ಬಿಟ್ಟಿದೀನಿ. ಅಲ್ಲಿ ಅವರವರ ಗುರುತು ಅವರವರು ಇಡಬೇಕು."

ಚಿಕ್ಕವಳು ಅಂಗಡಿಯಲ್ಲಿ ಮೂಲೆಗೆ ಬಿದ್ದ ಹಳೆಯ ಕನ್ನಡಕದ ಗಾಜುಗಳನ್ನು ದಾರಕ್ಕೆ ಪೋಣಿಸಿ ತೂಗುಬಿಡುತ್ತೇನೆಂದಳು. ಬಿಸಿಲು ಬಿದ್ದಾಗ ಹೊಳೆಯುತ್ತವೆ. ಎಲ್ಲರೂ ದೊಡ್ಡವಳ ಮುಖ ನೋಡಿದರು.

"ನನ್ನ ಗುರುತು ಆ ತಂತಿ. ಅದನ್ನೇ ಕಿತ್ತು ಹಾಕ್ತಿದ್ದೀರಲ್ಲ, ಇನ್ನೇನು ಇಡ್ಲಿ?" ಎಂದು ಅವಳು ಎದ್ದು ಹೋದಳು.

ಅವಳ ಮನಸ್ಸಿನಲ್ಲಿ ಕುದಿಯುತ್ತಿದ್ದದ್ದು ಬರೀ ತಂತಿಯಲ್ಲ. ಮಗಳು ಹುಟ್ಟಿದಾಗ ಮೈ ಇನ್ನೂ ಹಸಿಯಿರುವಾಗಲೇ ಅವಳು ತೊಟ್ಟಿಯ ಮುಂದೆ ಕೂತಿದ್ದಳು. ಆಗ ಅವಳಿಗೆಂದು ಯಾರೂ ಒಂದು ಗಿಡ ನೆಟ್ಟಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದರೆ, ಮಗು ಕಳೆದುಕೊಂಡವಳ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಎಂದಾಗುತ್ತದೆ. ಅವಳಿಗೆ ಹೊಟ್ಟೆಕಿಚ್ಚೇ ಇತ್ತು, ಅದು ಬೇರೆ ಮಾತು.

ಗಿಡ ನೆಟ್ಟರು. ನರ್ಸರಿಯವನು ಕೊಟ್ಟ ಸಣ್ಣೆಲೆಯ ಬೇಲಿಗಿಡಗಳು ದಾರದ ಗುಂಟ ಎರಡೂ ಕಡೆ ಸಾಲಾಗಿ ನಿಂತವು. ನಡುವಿನ ದಾರಿಗೆ ಬಿಳಿ ಜಲ್ಲಿ ಬಿತ್ತು. ಚಿಕ್ಕವಳು ಹಾಸಿಗೆ ಬಿಟ್ಟು ಎದ್ದಳು. ಕೈಗೆ ಮಣ್ಣು ಮೆತ್ತಿಕೊಂಡು ಬಂದು ಹಸಿವು ಎಂದಳು. ಆ ಮಾತು ಕೇಳಿ ಅವಳ ಗಂಡ ಅಡುಗೆಮನೆಗೆ ಓಡಿಬಂದು ತಾನೇ ಮೊಟ್ಟೆ ಹುರಿದು, ಅರ್ಧ ಕರಕಲು ಮಾಡಿ ಕೊಟ್ಟ. ಅವಳು ಅದನ್ನೂ ತಿಂದಳು. ಸ್ವಲ್ಪ ದಿನಕ್ಕೆ ಅಂಗಡಿಗೂ ಹೊರಟಳು. ಹೊರಡುವ ಮೊದಲು ತನ್ನ ಪಾಲಿಗೊಂದು ಸುತ್ತು, ಬಂದ ಮೇಲೊಂದು ಸುತ್ತು. ದೊಡ್ಡವಳ ಪಾಲನ್ನು ನೋಡಿಕೊಳ್ಳುತ್ತಿದ್ದದ್ದು ಮಾವ. ಅವಳ ದುಂಡು ಪಾತಿ ಖಾಲಿಯಾಗಿಯೇ ಉಳಿಯಿತು.

ಒಗೆಯುವ ತೊಟ್ಟಿಗಳಿದ್ದದ್ದು ಮನೆಯ ಬಲಮೂಲೆಯಲ್ಲಿ. ಮೊದಲು ಅಲ್ಲಿಂದ ನೀರು ಒಂದು ಸಣ್ಣ ಕಾಲುವೆಯಲ್ಲಿ ಅಂಗಳ ದಾಟಿ ಬೀದಿಯ ಚರಂಡಿಗೆ ಹೋಗುತ್ತಿತ್ತು. ಆ ಕಾಲುವೆ ಈಗ ಜಲ್ಲಿಯ ಕೆಳಗೆ. ತೊಟ್ಟಿ ಖಾಲಿ ಮಾಡಬೇಕೆಂದರೆ ಬಕೆಟ್ಟಿಗೆ ಬಗ್ಗಿಸಿ, ಚಿಕ್ಕವಳ ಪಾಲಿನ ಪಕ್ಕದಲ್ಲಿ ನಡೆದು, ಗೇಟಿನಾಚೆ ಸುರಿದು ಬರಬೇಕು. ಹಾಗೆ ದಿನಕ್ಕೆ ಎಷ್ಟು ಬಕೆಟ್ಟೋ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ, ಮಾವ ಮಲಗಿದ್ದರು. ದೊಡ್ಡವಳ ಸೊಂಟ ಸಿಡಿಯುತ್ತಿತ್ತು. ಬಿಸಿ ಸೋಡಾನೀರಿನ ಬಕೆಟ್ಟು ಹಿಡಿದು ಅರ್ಧ ದಾರಿ ಬಂದವಳು, 'ಹಾಳಾಗಿ ಹೋಗಲಿ' ಎಂದು ಅಲ್ಲೇ, ಚಿಕ್ಕವಳ ಬೇಲಿಯ ಬುಡಕ್ಕೆ ಬಗ್ಗಿಸಿಬಿಟ್ಟಳು. ಮಣ್ಣು ಸೊಯ್ಯೆಂದು ಕುಡಿಯಿತು. ಯಾವ ಕೇಡನ್ನೂ ಅವಳು ಎಣಿಸಿರಲಿಲ್ಲ, ನಡೆಯುವ ಬೇಸರ ಅಷ್ಟೇ. ಆ ದಿನದ ಮಟ್ಟಿಗೆ ಇದು ನಿಜ.

ಕೆಲವು ದಿನಗಳಲ್ಲಿ ಆ ಜಾಗದ ಎಲೆಗಳು ಹಳದಿಯಾದವು. ಆಗ ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಮರುದಿನ ಬಕೆಟ್ಟು ಅಲ್ಲಿಗೇ ಬಂತು, ಅದರ ಮರುದಿನ ಸ್ವಲ್ಪ ಮುಂದಕ್ಕೆ. ಇನ್ನು ಇದನ್ನು ಬೇಸರ ಎಂದು ಕರೆಯುವಂತಿರಲಿಲ್ಲ. ಸುರಿದು ಬಂದು ಕೈ ಒರೆಸಿಕೊಳ್ಳುವಾಗ ಎದೆಯಲ್ಲಿ ಏನೋ ಹಗುರಾಗುತ್ತಿತ್ತು.

ಸರಿಪಾಲಿನ ತೋಟದಲ್ಲಿ ಏನನ್ನೂ ಮುಚ್ಚಿಡಲಾಗುವುದಿಲ್ಲ. ಎಡಗಡೆ ಬೇಲಿ ಹಸಿರಾಗಿ ಕೊಬ್ಬುತ್ತಿದೆ, ಬಲಗಡೆಯದು ಒಣಗುತ್ತಿದೆ. ಬೀದಿಯಲ್ಲಿ ಹೋಗುವ ಕುರುಡನಿಗೂ ಕಂಡೀತು. ಪಕ್ಕದ ಮನೆಯ ಪೋಸ್ಟ್‌ಮಾಸ್ಟರರ ಹೆಂಡತಿಗೆ ಕಾಣದಿರುತ್ತದೆಯೇ? ಬೀದಿಯವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಮೂಲೆಯ ಬ್ರೆಡ್ ಅಂಗಡಿಯವರೆಗೂ ಮುಟ್ಟುತ್ತಿತ್ತು.

"ನಿಮ್ಮ ಕೈಗುಣ ಕಣ್ರೀ," ಎಂದಳು ರೇಡಿಯೋ ಗೋಡೆಯಾಚೆಯಿಂದ ದೊಡ್ಡವಳಿಗೆ. "ನಿಮ್ಮ ಪಾಲು ನೋಡಿ ಹೇಗಿದೆ! ಆ ಕಡೆದು ಪಾಪ..."

"ಎಲ್ಲ ಮಾವ ನೋಡ್ಕೊಳ್ಳೋದು," ಎಂದಳು ದೊಡ್ಡವಳು. ಆದರೂ ಮುಖ ಅರಳಿತು. ಆ ಮುಖ ಆಮೇಲೆ ನೆನಪಾದಾಗೆಲ್ಲ ಅವಳಿಗೆ ತನ್ನನ್ನು ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಮಾವ ಮಣ್ಣು ಅಗೆದು ಮೂಸಿ ನೋಡಿದರು. ಬೆಳಗೆಲ್ಲ ಮೊಣಕಾಲೂರಿ ಕೂತು ಇಳಿಜಾರು ಅಳೆದರು. ಊಟಕ್ಕೆ ಕರೆದರೆ, "ಬಂದೆ, ಬಂದೆ," ಎಂದು ಬಾರದೆ ಕೂತರು. ಬೆನ್ನು ಹಿಡಿದುಕೊಂಡು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಒಳಗೆ ಬರಬೇಕಾಯಿತು.

"ಇಷ್ಟು ವರ್ಷ ಊರಿನ ನೀರನ್ನೆಲ್ಲ ಸರಿಯಾಗಿ ಹರಿಸಿದೆ," ಎಂದರು ಅನ್ನ ಕಲಸುತ್ತ, "ಮನೆ ಅಂಗಳದ ನೀರು ಎಲ್ಲಿ ನಿಲ್ತಿದೆ ಅಂತ ತಿಳೀತಿಲ್ಲ. ಬೇರು ಕೊಳೀತಿರಬೇಕು. ನಂದೇ ತಪ್ಪು."

"ನಿಮ್ಮದಲ್ಲ ಮಾವ," ಎಂದಳು ಚಿಕ್ಕವಳು. ಅವಳು ತಟ್ಟೆಯಲ್ಲಿ ಕಾಳುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡುತ್ತಿದ್ದಳು. "ಅದೇ ನಕ್ಷೆ, ಅದೇ ಗಿಡ, ಅದೇ ನೀರು. ಅಕ್ಕನ ಕಡೆ ಚೆನ್ನಾಗಿದೆ. ನನ್ನ ಕಡೆ ಮಾತ್ರ ಹೋಗ್ತಿದೆ ಅಂದ್ರೆ ಬೇರೆ ಏನಿದೆ? ನನ್ನ ಕೈಗುಣ. ನನ್ನ ಪಾಲಿಗೆ ಬಂದದ್ದು ಯಾವುದೂ ಉಳಿಯಲ್ಲ."

ಅವಳು ಗಿಡದ ಮಾತನ್ನಷ್ಟೇ ಆಡುತ್ತಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಗಂಡ ಲೋಟದ ನೀರನ್ನೇ ನೋಡುತ್ತ ಕೂತ. ದೊಡ್ಡವಳ ಬಾಯಲ್ಲಿದ್ದ ತುತ್ತು ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ.

"ಹಾಗೆಲ್ಲ ಮಾತಾಡ್ಬಾರದು," ಎಂದಳು ಹೇಗೋ ನುಂಗಿ.

"ನೀವು ಒಳ್ಳೆಯವರು ಅಕ್ಕ, ಹಾಗೆ ಹೇಳ್ತೀರಿ," ಎಂದು ಚಿಕ್ಕವಳು ಎದ್ದು ಹೋದಳು.

ಥೂ, ನನ್ನ ಜನ್ಮಕ್ಕಿಷ್ಟು! ದೊಡ್ಡವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ನಲ್ಲಿ ಬಿಟ್ಟುಕೊಂಡು ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅನುಮಾನದಿಂದ ನೋಡಿದ್ದರೂ ತಡೆದುಕೊಳ್ಳುತ್ತಿದ್ದಳು. ಒಳ್ಳೆಯವರು ಎಂದದ್ದನ್ನು ಎಲ್ಲಿ ಬಚ್ಚಿಡುವುದು?

ಅಂದಿನಿಂದ ಬಕೆಟ್ಟು ಗೇಟಿನಾಚೆಗೇ ಹೋಯಿತು. ಆದರೆ ಸೋಡಾ ಕುಡಿದ ಮಣ್ಣಿಗೆ ಇವಳ ಪಶ್ಚಾತ್ತಾಪ ಹೇಗೆ ತಿಳಿಯಬೇಕು? ಬೇಲಿ ಒಣಗುತ್ತಲೇ ಹೋಗಿ ಕಡ್ಡಿಯಾಯಿತು. ಚಿಕ್ಕವಳು ಕನ್ನಡಕದ ಗಾಜುಗಳ ಸರವನ್ನು ಬಿಚ್ಚಿ ಒಳಗಿಟ್ಟಳು, ಕಿಟಕಿ ಮುಚ್ಚಿದಳು, ಅಂಗಡಿಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದಳು. ತಟ್ಟೆ ಮತ್ತೆ ಹಾಗೇ ವಾಪಸು ಬರತೊಡಗಿತು.

"ಚಿಕ್ಕಮ್ಮ ಇವತ್ತೂ ತಿನ್ಲಿಲ್ಲ," ಎಂದಳು ಮಗಳು ತಟ್ಟೆ ತಂದಿಟ್ಟು.

"ಬಿಸಿ ಇರುವಾಗ ಕೊಟ್ಯಾ?"

"ಕೊಟ್ಟೆ. ನೀನೇ ಹೋಗಿ ಕೊಡಮ್ಮ ಒಂದ್ಸಲ. ನೀನು ಹೇಳಿದ್ರೆ ತಿಂತಾರೆ."

ಹೇಳಬೇಕಾದದ್ದನ್ನು ಹೇಳಿದ್ದರೆ ತಿನ್ನುತ್ತಿದ್ದಳೋ ಏನೋ. ದೊಡ್ಡವಳು ಎರಡು ಸಲ ಆ ಕೋಣೆಯ ಬಾಗಿಲವರೆಗೂ ಹೋದಳು. ಒಂದು ಸಲ ಬಾಗಿಲು ತಟ್ಟಿ, "ಹಣ್ಣು ಬೇಕಾ?" ಎಂದು ಕೇಳಿ ಬಂದಳು. ಗಂಡ ಏನೆಂದಾನು, ಮಾವ ಏನೆಂದಾರು, ಮಗಳು ನಾಳೆಯಿಂದ ತನ್ನನ್ನು ಹೇಗೆ ನೋಡಿಯಾಳು! ನಾಲಿಗೆ ಏಳಲಿಲ್ಲ. ಕೊನೆಗೆ ನಾಲಿಗೆಗೆ ಕೆಲಸ ಕೊಡದೆ ಮುಗಿಸುವ ದಾರಿಯೊಂದು ಅವಳಿಗೆ ಹೊಳೆಯಿತು.

ಮರುದಿನ ಮಧ್ಯಾಹ್ನ ಅವಳು ತೊಟ್ಟಿಯ ತುಂಬ ನೀರು ಕುದಿಸಿ, ಸೋಡಾ ಹಿಡಿಹಿಡಿಯಾಗಿ ಹಾಕಿ, ಒಂದೇ ಒಂದು ಬಟ್ಟೆಯನ್ನೂ ನೆನೆಸದೆ, ಬಕೆಟ್ಟು ಬಕೆಟ್ಟಾಗಿ ತಂದು ತನ್ನ ಪಾಲಿನ ಬೇಲಿಗೇ ಸುರಿದಳು. ಬೇಲಿ ಮುಗಿದ ಮೇಲೆ ಹೂವಿನ ಪಾತಿಗೂ. ವಾರ ಕಳೆಯುವುದರೊಳಗೆ ಎಡಗಡೆಯೂ ಹಳದಿಯಾಗಿ, ತಲೆ ಬಾಗಿಸಿ, ಬಲಗಡೆಗೆ ಸರಿಜೋಡಿಯಾಯಿತು.

ಉಪಾಯ ಫಲಿಸಿತು. ಚಿಕ್ಕವಳು ಕಿಟಕಿ ತೆರೆದಳು. ಅಂಗಳಕ್ಕೆ ಇಳಿದು ಬಂದು, ಜಲ್ಲಿಯ ದಾರಿಯ ನಡುವೆ ನಿಂತು ಎರಡೂ ಕಡೆ ನೋಡಿದಳು.

"ಅಕ್ಕ, ನಿಮ್ಮದೂ ಹೋಯ್ತಾ?"

"ಹೂಂ, ಹೋಯ್ತು."

"ಹಾಗಾದ್ರೆ ನನ್ನ ಕೈ ಅಲ್ಲ," ಎಂದಳು ಚಿಕ್ಕವಳು. ತಕ್ಷಣ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ನಿಮ್ಮ ಗಿಡ ಹೋಗಿರುವಾಗ ನಾನು ಖುಷಿಪಡ್ತಿದ್ದೀನಿ ಅಂದ್ಕೋಬೇಡಿ ಅಕ್ಕ," ಎಂದು ದೊಡ್ಡವಳ ಕೈ ಹಿಡಿದುಕೊಂಡಳು. ಸೋಡಾದಿಂದ ಬಿರಿದ ಆ ಕೈಯನ್ನು ಸವರಿ, "ಎಷ್ಟು ಒರಟಾಗಿದೆ, ಎಣ್ಣೆ ಹಚ್ಚಿ," ಎಂದಳು. ಆ ದಿನ ಎರಡು ಸಲ ಬಡಿಸಿಕೊಂಡು ತಿಂದಳು. ದೊಡ್ಡವಳು ಅದನ್ನು ನೋಡುತ್ತ, ಇಲ್ಲಿಗೆ ಮುಗಿಯಿತು, ಇನ್ನು ಯಾರಿಗೂ ಏನೂ ಗೊತ್ತಾಗಬೇಕಾಗಿಲ್ಲ ಎಂದುಕೊಂಡಳು.

ಎಲ್ಲಿ ಮುಗಿಯಿತು? ಭಾನುವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದಾಗ ಮಾವ ಆ ನಕ್ಷೆಯನ್ನು ತಂದರು. ಹರಡಲಿಲ್ಲ. ಸುರುಳಿ ಸುತ್ತಿ ಕಸದ ಬುಟ್ಟಿಯ ಪಕ್ಕ ನಿಲ್ಲಿಸಿ ಬಂದು ಕೂತರು.

"ನಾಳೆ ಆಳುಗಳು ಬರ್ತಾರೆ. ಎಲ್ಲ ಕೀಳಿಸಿ, ತಂತಿ ಮೊದಲಿದ್ದಲ್ಲೇ ಕಟ್ಟಿಸ್ತೀನಿ."

"ಯಾಕಪ್ಪ? ಇನ್ನೊಂದ್ಸಲ ನೆಟ್ರಾಯ್ತು," ಎಂದ ದೊಡ್ಡವಳ ಗಂಡ.

"ಬೇಡ. ಒಂದು ಕಡೆ ಹೋಗಿದ್ರೆ ಅದು ಬೇರೆ. ಎರಡೂ ಕಡೆ ಹೋಯ್ತು ಅಂದ್ರೆ ನಕ್ಷೆಯೇ ತಪ್ಪು, ಮಣ್ಣೇ ತಪ್ಪು, ಮಾಡಿಸಿದವನು ತಪ್ಪು." ಮಾವ ದೊಡ್ಡವಳ ಕಡೆ ತಿರುಗಿದರು. "ಅಮ್ಮಾ, ಮನೆಗೆ ಹಿರಿಯ ಅನ್ನಿಸ್ಕೊಂಡು ನಿನ್ನ ಕಷ್ಟ ನಾನು ನೋಡ್ಲಿಲ್ಲ. ನೀನು ಆ ದುಂಡು ಪಾತಿ ಖಾಲಿ ಬಿಟ್ಟಾಗಲೇ ನಂಗೆ ತಿಳೀಬೇಕಾಗಿತ್ತು. ಹಟ ಮಾಡಿದೆ. ನಿನ್ನ ದುಡಿಮೆ ಜಾಗ ಕಿತ್ಕೊಂಡು ಆಟ ಆಡಿದೆ. ಕ್ಷಮಿಸ್ಬಿಡು ತಾಯಿ."

ಬೇಕೆಂದು ಹಟ ಹಿಡಿದದ್ದೆಲ್ಲ ಕೈಗೆ ಬಂದಿತ್ತು. ತಂತಿ, ಅಂಗಳ, ಮಾವನ ಬಾಯಲ್ಲಿ ಕ್ಷಮೆ. ಅವರ ಕಣ್ಣು ಒದ್ದೆಯಾಗಿತ್ತು. ಬಡಿಸಲು ನಿಂತಿದ್ದ ದೊಡ್ಡವಳು ಸೌಟನ್ನು ಪಾತ್ರೆಗೆ ಇಳಿಸಿದಳು.

"ಮಾವ, ಮಣ್ಣಿಗೆ ಏನೂ ಆಗಿಲ್ಲ. ನಿಮ್ಮ ನಕ್ಷೆನೂ ಸರಿಯಾಗೇ ಇತ್ತು."

"ಅಂದ್ರೆ?" ಎಂದ ಗಂಡ.

"ನಾನು ಸೋಡಾನೀರು ಸುರಿದೆ."

"ಅದು ಎಲ್ಲೋ ಸ್ವಲ್ಪ ಚೆಲ್ಲಿರಬೇಕು," ಎಂದರು ಮಾವ ಅವಸರದಿಂದ.

"ಚೆಲ್ಲಿದ್ದಲ್ಲ. ಬೇಕೂ ಅಂತಲೇ ಸುರಿದೆ. ದಿನಾ."

"ನಿಂಗೆ ತಲೆ ನೆಟ್ಟಗಿದೆಯಾ?" ಎಂದು ಗಂಡ ಮೇಜು ಗುದ್ದಿದ. ಲೋಟ ಉರುಳಿ ನೀರು ಹರಿಯಿತು, ಯಾರೂ ಒರೆಸಲಿಲ್ಲ. ಮೈದುನ ತಟ್ಟೆ ಸರಿಸಿ ಎದ್ದು ಹೊರಗೆ ಹೋದ. ಮಗಳು ಅಮ್ಮನನ್ನು ನೋಡುತ್ತಿದ್ದಳು. ಆ ನೋಟವನ್ನು ತಪ್ಪಿಸಿಕೊಳ್ಳಲೆಂದೇ ದೊಡ್ಡವಳು ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದದ್ದು.

ಚಿಕ್ಕವಳು ಕೂಗಾಡಲಿಲ್ಲ. ಕಲಸಿದ ಕೈ ಹಾಗೇ ಇತ್ತು.

"ಮೊದಲು ಯಾರ ಕಡೆ ಸುರಿದ್ರಿ?"

"ನಿನ್ನ ಕಡೆ."

"ಅದು ಯಾಕೆ ಅಂತ ಗೊತ್ತಾಗುತ್ತೆ. ತಂತಿಯ ಸಿಟ್ಟು. ನಿಮ್ಮ ಕಡೆ ಯಾಕೆ ಸುರಿದ್ರಿ?"

"ನಿನ್ನ ಕೈಗುಣದಿಂದ ಆದದ್ದಲ್ಲ ಅಂತ ನಿಂಗೆ ಗೊತ್ತಾಗ್ಲಿ ಅಂತ."

ಚಿಕ್ಕವಳು ಕೈಯ ಅನ್ನವನ್ನು ತಟ್ಟೆಗೆ ಕೊಡವಿದಳು. "ಅದನ್ನ ಬಾಯಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ," ಎಂದಳು. "ನಾನು ಅಲ್ಲಿ ಮಲಗಿದ್ದೆ. ನೀವು ಬಾಗಿಲು ತಟ್ಟಿ, ಹಣ್ಣು ಬೇಕಾ ಅಂತ ಕೇಳಿದ್ರಿ."

ಆಮೇಲೆ ಮನೆಯಲ್ಲಿ ಮಾತುಗಳೆಲ್ಲ ಮಗಳ ಮೂಲಕ ಓಡಾಡಿದವು. "ಚಿಕ್ಕಮ್ಮಂಗೆ ಚಹಾ ಆಯ್ತು ಅಂತ ಹೇಳು." "ಅಮ್ಮ, ಚಿಕ್ಕಮ್ಮ ತಾವೇ ಮಾಡ್ಕೋತಾರಂತೆ." ಒಂದೇ ಒಲೆಯ ಮುಂದೆ ಇಬ್ಬರೂ ನಿಂತರೂ ಒಬ್ಬರ ಸೆರಗು ಇನ್ನೊಬ್ಬರಿಗೆ ತಾಗದಂತೆ ಕೆಲಸ ಸಾಗಿತು. ಚಿಕ್ಕವಳು ಅಂಗಡಿಗೆ ಹೋಗತೊಡಗಿದ್ದಳು, ಹೊತ್ತಿಗೆ ಸರಿಯಾಗಿ ಊಟವನ್ನೂ ಮಾಡುತ್ತಿದ್ದಳು. ಅಷ್ಟು ಮಾತ್ರ ಒಳ್ಳೆಯದಾಗಿತ್ತು. ಗಂಡ ಮೊದಮೊದಲು ಗುರುಗುಟ್ಟಿ, ಆಮೇಲೆ ಸುಮ್ಮನಾಗಿ, ಒಂದು ದಿನ ಹೇಳದೆ ಕೇಳದೆ ಒದ್ದೆ ಮೇಜುಬಟ್ಟೆಯ ಬಕೆಟ್ಟನ್ನು ಮಹಡಿಗೆ ಹೊತ್ತು ಇಟ್ಟು ಡಿಪೋಗೆ ಹೋದ. ಅವಳಿಗೆ ಅದಕ್ಕೂ ನಾಚಿಕೆಯಾಯಿತು.

ಆಳುಗಳಿಗೆ ಬರಬೇಡಿ ಎಂದು ಹೇಳಿ ಕಳಿಸಿದ್ದು ಮಾವನಲ್ಲ, ದೊಡ್ಡವಳು. ಬಟ್ಟೆ ಒಗೆದು ಉಳಿದ ಹೊತ್ತಿನಲ್ಲಿ ಗುದ್ದಲಿ ಹಿಡಿದು ಸೋಡಾ ಕುಡಿದ ಮಣ್ಣನ್ನೆಲ್ಲ ಅಗೆದು, ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದಳು. ಹೊಸ ಮಣ್ಣು ತುಂಬಿಸಿದಳು. ಮಾವ ಮೂರು ದಿನ ಕಿಟಕಿಯಿಂದ ನೋಡಿದರು. ನಾಲ್ಕನೆಯ ದಿನ ನಕ್ಷೆಯ ಸುರುಳಿ ಬಿಚ್ಚಿ, ಗೂಟ ದಾರ ಹಿಡಿದು ಹೊರಗೆ ಬಂದರು. "ಮೊದಲು ಬಲಗಡೆ," ಎಂದಷ್ಟೇ ಹೇಳಿದರು. ಬೀದಿಯವರು ಕೇಳಿದಾಗ, "ಮಣ್ಣಲ್ಲಿ ದೋಷ ಇತ್ತು," ಎಂದು ಸೊಸೆಯ ಮರ್ಯಾದೆ ಕಾಪಾಡಿದರು. ಹೊರಗಿನವರಿಗೆ ತಿಳಿಯಲಿಲ್ಲವಲ್ಲ ಎಂದು ದೊಡ್ಡವಳು ಒಳಗೊಳಗೇ ಉಸಿರುಬಿಟ್ಟಳು, ಹಾಗೆ ಉಸಿರುಬಿಟ್ಟದ್ದಕ್ಕೆ ಮತ್ತೆ ಕುಗ್ಗಿದಳು.

ಹೊಸ ಸಸಿಗಳು ಬಂದ ಬೆಳಿಗ್ಗೆ ಅವಳು ಚಿಕ್ಕವಳ ಪಾಲಿನಲ್ಲಿ ಮೊಣಕಾಲೂರಿ ಒಂದೊಂದಾಗಿ ನೆಡುತ್ತಿದ್ದಳು. ಗೋಡೆಯಾಚೆ ರೇಡಿಯೋ ಕಾಣಿಸಿಕೊಂಡಳು.

"ಏನ್ರೀ, ಮತ್ತೆ ಶುರುವಾಯ್ತಾ?"

"ಹೂಂ ರೀ."

"ನಿಮ್ಮ ಮಾವನವರು ಮಣ್ಣಿನ ದೋಷ ಅಂದ್ರು. ದೊಡ್ಡ ಮನುಷ್ಯರು, ಇನ್ನೇನು ಹೇಳ್ತಾರೆ?" ರೇಡಿಯೋ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೂ ನಾಲ್ಕು ಮನೆಗೆ ಕೇಳುತ್ತಿತ್ತು. "ನಮಗೆ ತಿಳಿಯಲ್ವಾ? ಚಿಕ್ಕವಳ ಕಡೆದು ಮೊದಲು ಹೋಯ್ತು, ಆಮೇಲೆ ಅದೇ ಸೋಂಕು ನಿಮ್ಮ ಕಡೆಗೂ ತಗುಲ್ತು. ಕೆಲವರ ಕೈಯೇ ಹಾಗೆ ಕಣ್ರೀ. ಮಕ್ಕಳ ವಿಷಯದಲ್ಲೂ ನೋಡಿ, ಪಾಪ. ಈ ಸಲ ಅವಳ ಕೈಲಿ ಮುಟ್ಟಿಸ್ಬೇಡಿ. ನೀವೇ ನೆಡ್ತಿದ್ದೀರಲ್ಲ, ಒಳ್ಳೇದಾಯ್ತು."

ಬಾಗಿಲಲ್ಲಿ ಚಿಕ್ಕವಳು ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು. ಒಂದು ಕಾಲಿಗೆ ಹಾಕಿಕೊಂಡವಳು ಇನ್ನೊಂದನ್ನು ಹಾಕಿಕೊಳ್ಳದೆ ಹಾಗೇ ನಿಂತುಬಿಟ್ಟಳು.

ದೊಡ್ಡವಳಿಗೆ ಅವಳು ಕಂಡಳು. ತಾನು ತನ್ನ ಪಾಲನ್ನೂ ಸುಟ್ಟು ಯಾವ ಮಾತನ್ನು ಅಳಿಸಲು ಹೋಗಿದ್ದಳೋ ಅದೇ ಮಾತು ಇನ್ನಷ್ಟು ಬಲಿತು ಬೀದಿ ತುಂಬ ಓಡಾಡುತ್ತಿದೆ ಎಂದು ಆಗ ಅವಳಿಗೆ ಅರ್ಥವಾಯಿತು. ಎದ್ದು ನಿಂತಳು. ಮೊಣಕಾಲಿನ ಮಣ್ಣನ್ನೂ ಕೊಡವಿಕೊಳ್ಳಲಿಲ್ಲ.

"ಕೈಗುಣನೂ ಇಲ್ಲ, ಸೋಂಕೂ ಇಲ್ಲ ಕಣ್ರೀ. ನಾನು ಸಾಯಿಸಿದ್ದು."

"ಏನು?"

"ಈ ಗಿಡಗಳನ್ನ. ಬಟ್ಟೆ ಸೋಡಾ ಹಾಕಿದ ಬಿಸಿನೀರು ಸುರಿದು ನಾನೇ ಸಾಯಿಸಿದೆ. ಹೊಟ್ಟೆಕಿಚ್ಚಿಗೆ."

"ಅಯ್ಯೋ, ತಮಾಷೆ ಮಾಡ್ಬೇಡಿ!"

"ತಮಾಷೆ ಅಲ್ಲ. ಬೀದಿಗೆಲ್ಲ ಹೇಳಿ. ಹೇಳುವಾಗ ಇದನ್ನೂ ಸೇರಿಸಿ: ಅವಳು ನೆಟ್ಟ ಗಿಡ ದಿನಾ ಕುದಿಯೋ ನೀರು ಕುಡಿದ್ರೂ ಸುಲಭಕ್ಕೆ ಸಾಯ್ಲಿಲ್ಲ. ಅವಳ ಕೈಗೆ ಏನೂ ಆಗಿಲ್ಲ."

ರೇಡಿಯೋ ಬಾಯಿ ತೆರೆದಳು, ಮುಚ್ಚಿದಳು. ಆ ಬೀದಿಯಲ್ಲಿ ಇಂಥದ್ದು ನಡೆದದ್ದು ಅದೇ ಮೊದಲು. ಎದುರುಮನೆಯ ಕಿಟಕಿಯಲ್ಲಿ ಯಾರೋ ಪರದೆ ಸರಿಸಿದರು. ದೊಡ್ಡವಳ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಉರಿಯುತ್ತಿದ್ದವು. ಇನ್ನು ಬ್ರೆಡ್ ತರಲು ಮೂಲೆಯವರೆಗೆ ಹೋಗುವುದೂ ಕಷ್ಟವೇ. ಮತ್ತೆ ಮೊಣಕಾಲೂರಿ ಕೂತು, ಕೈಯಲ್ಲಿದ್ದ ಸಸಿಯನ್ನು ಗುಂಡಿಗಿಟ್ಟು ಮಣ್ಣು ಎಳೆದಳು.

ಜಲ್ಲಿಯ ಮೇಲೆ ಚಪ್ಪಲಿಯ ಸದ್ದು ಬಂತು. ಅವಳ ಪಕ್ಕಕ್ಕೆ ಬಂದು ನಿಂತಿತು.

"ನೀರು ಮಾತ್ರ ನೀವು ಹಾಕ್ಬೇಡಿ," ಎಂದಳು ಚಿಕ್ಕವಳು. "ಸಂಜೆ ಬಂದು ನಾನೇ ಹಾಕ್ತೀನಿ."

ಅಕ್ಕ ಎನ್ನಲಿಲ್ಲ.

"ಆಯ್ತು," ಎಂದಳು ದೊಡ್ಡವಳು ತಲೆಯೆತ್ತದೆ.

ಗೇಟು ಮುಚ್ಚಿಕೊಂಡಿತು. ಬಿಸಿಲು ಏರುತ್ತ ಹೋದಂತೆ ನೆಟ್ಟ ಸಸಿಗಳು ಬಾಡಿ ಬಾಗತೊಡಗಿದವು. ಅಲ್ಲೇ ನೀರು ತುಂಬಿದ ಬಕೆಟ್ಟಿತ್ತು, ಕೈಗೆಟುಕುವಷ್ಟು ಹತ್ತಿರ. ದೊಡ್ಡವಳು ಒಳಗೆ ಹೋಗಿ, ಇಸ್ತ್ರಿ ಮಾಡಿಟ್ಟಿದ್ದ ಹೋಟೆಲಿನ ಅತಿ ದೊಡ್ಡ ಮೇಜುಬಟ್ಟೆಯನ್ನು ತಂದು, ನಾಲ್ಕು ತುದಿಗಳನ್ನು ಮಾವನ ಗೂಟಗಳಿಗೆ ಕಟ್ಟಿ ಸಸಿಗಳ ಮೇಲೆ ನೆರಳು ಮಾಡಿದಳು. ಬಿಸಿಲು ಸರಿದ ಹಾಗೆ ಎದ್ದು ಬಂದು ಗೂಟ ಕಿತ್ತು, ಬಟ್ಟೆಯನ್ನೂ ಸರಿಸಿದಳು. ಸಂಜೆ ಗೇಟಿನ ಸದ್ದಾಗುವವರೆಗೂ ನೀರು ಮುಟ್ಟಲಿಲ್ಲ.